ಹಿಂದಿನ ದೀಪದೊಳಗಿನ ನೀರು



ಮಳೆ ಬಂದ ಮರುದಿನ ಬೆಳಿಗ್ಗೆ ನಿಮ್ಮ ಓಣಿಯಲ್ಲಿ ನಿಂತ ಕಾರುಗಳ ಹಿಂಭಾಗವನ್ನು ಒಮ್ಮೆ ಗಮನಿಸಿ. ಕೆಲವು ಕಾರುಗಳ ಕೆಂಪು ದೀಪದ ಒಳಮೈಗೆ ತೆಳ್ಳಗೆ ಮಂಜು ಕವಿದಿರುತ್ತದೆ. ಇನ್ನು ಕೆಲವು ದೀಪಗಳ ತಳದಲ್ಲಿ ನೀರೇ ನಿಂತಿರುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ಈ ನೀರು ಅಲ್ಲಿಗೆ ಬಂದದ್ದು ಹೇಗೆ, ಅದನ್ನು ಹೊರಗೆ ಹಾಕುವುದು ಹೇಗೆ ಎಂಬುದೇ ಇಂದಿನ ವಿಷಯ.

ಇಷ್ಟು ಸಣ್ಣ ಸಂಗತಿಗೆ ಒಂದು ಭಾಷಣವೇ ಬೇಕೇ ಎಂದು ನಿಮಗೆ ಅನ್ನಿಸಬಹುದು. ಹಾವೇರಿ ಮತ್ತು ರಾಣೆಬೆನ್ನೂರು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರುಗಳು. ಹಿಂದೆ ಇದು 4ನೇ ಸಂಖ್ಯೆಯ ಹೆದ್ದಾರಿ, ಈಗ 48ನೆಯದು. ಬ್ಯಾಡಗಿಗೆ ಹೋಗುವವರು ಮೋಟೆಬೆನ್ನೂರಿನ ಬಳಿ ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಬೇಕು. ತಿರುಗುವ ಮೊದಲು ವೇಗ ತಗ್ಗಿಸಬೇಕು. ಹಿಂದೆ ಬರುವ ಲಾರಿಯ ಚಾಲಕನಿಗೆ ರಾತ್ರಿಯ ಹೊತ್ತು ಈ ಸುದ್ದಿಯನ್ನು ಮುಟ್ಟಿಸುವುದು ಆ ಕೆಂಪು ದೀಪ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್ ದಾಟುತ್ತದೆ. ಮಂಕು ದೀಪವನ್ನು ಗುರುತಿಸಲು ಎರಡು ಸೆಕೆಂಡು ತಡವಾದರೆ 44 ಮೀಟರ್ ರಸ್ತೆ ಕೈಬಿಟ್ಟು ಹೋಯಿತು! 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರಾತ್ರಿ ಹೊತ್ತು ಹಿಂಬದಿಯಲ್ಲಿ ಕೆಂಪು ದೀಪ ಉರಿಯಲೇಬೇಕೆಂದು ಹೇಳಿರುವುದು ಸುಮ್ಮನೆ ಅಲ್ಲ.

ಈಗ ವಿಜ್ಞಾನಕ್ಕೆ ಬರೋಣ. ಕಾರಿನ ಹಿಂದಿನ ದೀಪ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಅದರ ಹಿಂಬದಿಯಲ್ಲಿ ಗಾಳಿಯಾಡಲು ಸಣ್ಣ ರಂಧ್ರಗಳಿರುತ್ತವೆ. ಬಲ್ಬು ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುತ್ತದೆ. ಆರಿದಾಗ ಗಾಳಿ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿ ಒಳಗೆ ಬರುತ್ತದೆ. ಅಂದರೆ ದೀಪವೂ ಉಸಿರಾಡುತ್ತದೆ. ಹೀಗೆ ಬಂದ ಗಾಳಿಯಲ್ಲಿ ನೀರಾವಿ ಇದ್ದರೆ, ಬೆಳಗಿನ ಚಳಿಗೆ ಅದು ತಣ್ಣನೆಯ ಪ್ಲಾಸ್ಟಿಕ್ಕಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಬೀಳುವುದೂ ಇದೇ ನಿಯಮದಿಂದ.

ಆದರೆ ಹೀಗೆ ಕೂರುವ ನೀರು ಎಷ್ಟು? ಲೆಕ್ಕ ಮಾಡಿ ನೋಡಿ. ಒಂದು ಘನ ಮೀಟರ್ ಗಾಳಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರಬಲ್ಲದು. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ಉಳಿದ 13 ಗ್ರಾಂ ನೀರಾಗಬೇಕು. ಘನ ಮೀಟರ್ ಎಂದರೆ 1000 ಲೀಟರ್. ದೀಪದೊಳಗೆ 2 ಲೀಟರ್ ಗಾಳಿ ಇದೆ ಎಂದುಕೊಂಡರೆ ಸಿಗುವ ನೀರು 0.026 ಗ್ರಾಂ. ಇದು ಸುಮಾರು ಅರ್ಧ ಹನಿ! ಒಂದು ಚಮಚದಷ್ಟು, ಅಂದರೆ 5 ಗ್ರಾಂ ನೀರು ನಿಂತಿದ್ದರೆ ಅದು ಇದರ ಇನ್ನೂರು ಪಟ್ಟು.

ಈ ಲೆಕ್ಕವೇ ನಮಗೆ ದಾರಿ ತೋರಿಸುತ್ತದೆ. ತೆಳ್ಳಗಿನ ಮಂಜು ಗಾಳಿಯಿಂದ ಬಂದದ್ದು. ದೀಪ ಹಚ್ಚಿ ಸ್ವಲ್ಪ ದೂರ ಓಡಿಸಿದರೆ ಅಥವಾ ಬಿಸಿಲೇರಿದರೆ ಅದು ತಾನೇ ಹೋಗುತ್ತದೆ, ಚಿಂತೆ ಬೇಡ. ಎಲ್‌ಇಡಿ ದೀಪಗಳು ಕಡಿಮೆ ಶಾಖ ಕೊಡುವುದರಿಂದ ಅವುಗಳಲ್ಲಿ ಮಂಜು ಆರಲು ಹೆಚ್ಚು ಹೊತ್ತು ಬೇಕು. ಆದರೆ ದಪ್ಪ ಹನಿಗಳು ಇಳಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ, ಎಲ್ಲೋ ಸೋರಿಕೆ ಇದೆ ಎಂದೇ ತಿಳಿಯಬೇಕು.

ಸೋರಿಕೆ ಬಹುಪಾಲು ಮೂರು ಕಡೆ ಇರುತ್ತದೆ. ಒಂದು, ಕೆಂಪು ಹೊದಿಕೆ ಮತ್ತು ಹಿಂದಿನ ಕವಚ ಕೂಡುವ ಅಂಚು. ಎರಡು, ಬಲ್ಬಿನ ಹೋಲ್ಡರ್ ಸುತ್ತಲಿನ ರಬ್ಬರ್ ವಾಷರ್; ವರ್ಷಗಳ ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರಿಯುತ್ತದೆ. ಮೂರು, ಏನಾದರೂ ತಗುಲಿ ಆದ ಕೂದಲೆಳೆಯ ಬಿರುಕು. ಕಾದ ದೀಪದ ಮೇಲೆ ಒಮ್ಮೆಲೇ ಮಳೆ ಸುರಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. 60 ಡಿಗ್ರಿಯಿಂದ 25 ಡಿಗ್ರಿಗೆ ಇಳಿದರೆ ಗಾಳಿಯ ಗಾತ್ರ ಸುಮಾರು ಹತ್ತರಲ್ಲೊಂದು ಭಾಗ ಕಡಿಮೆಯಾಗುತ್ತದೆ. ಬಿರುಕಿನ ಬಾಯಲ್ಲಿ ನೀರು ನಿಂತಿದ್ದರೆ ಗಾಳಿಯ ಬದಲು ನೀರೇ ಒಳಗೆ ಎಳೆದುಕೊಳ್ಳುತ್ತದೆ. ನೀವು ಪಾಠದಲ್ಲಿ ಓದಿದ ಚಾರ್ಲ್ಸ್ ನಿಯಮ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಇನ್ನು ಒಣಗಿಸುವ ಕ್ರಮ. ದೊಡ್ಡವರನ್ನು ಜೊತೆಗೆ ಇಟ್ಟುಕೊಂಡೇ ಈ ಕೆಲಸ ಮಾಡಿ. ಕಾರಿನ ಕೀಲಿ ತೆಗೆದು, ಬಲ್ಬು ತಣಿಯುವವರೆಗೆ ಕಾಯಿರಿ. ಡಿಕ್ಕಿಯನ್ನು ತೆರೆದು, ಸ್ಕ್ರೂ ಬಿಚ್ಚಿ, ತಂತಿಯ ಪ್ಲಗ್ ತೆಗೆದು ದೀಪವನ್ನು ಹೊರಗೆ ತೆಗೆಯಿರಿ. ಹೋಲ್ಡರನ್ನು ತಿರುಗಿಸಿ ಬಿಡಿಸಿದರೆ ತೂತು ಕಾಣುತ್ತದೆ. ನೀರನ್ನು ಬಗ್ಗಿಸಿ, ತೂತು ಕೆಳಗೆ ಬರುವಂತೆ ಬಿಸಿಲಿನಲ್ಲಿಡಿ. ಮೋಡ ಕವಿದಿದ್ದರೆ ಕೂದಲು ಒಣಗಿಸುವ ಡ್ರೈಯರನ್ನು ಕಡಿಮೆ ಶಾಖದಲ್ಲಿಟ್ಟು ಒಂದು ಗೇಣು ದೂರದಿಂದ ಹಿಡಿಯಬಹುದು. ಈ ಹೊದಿಕೆ ಸಾಮಾನ್ಯವಾಗಿ ಅಕ್ರಿಲಿಕ್ ಪ್ಲಾಸ್ಟಿಕ್. ಹೆಚ್ಚು ಕಾಯಿಸಿದರೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಪೆಟ್ರೋಲ್, ಥಿನ್ನರ್, ಸ್ಪಿರಿಟ್ ಹಾಕಿ ತೊಳೆಯಲೇಬೇಡಿ, ಮೈತುಂಬ ಸಣ್ಣ ಬಿರುಕುಗಳು ಏಳುತ್ತವೆ.

ಒಣಗಿದ ಮೇಲೆ ಸೋರಿಕೆಯನ್ನು ಹುಡುಕಬೇಕು. ಹಿಂದಿನ ತೂತುಗಳಿಗೆ ನೀರು ತಾಗದಂತೆ ಹಿಡಿದು ಕೆಂಪು ಭಾಗವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ನೋಡಿ. ನೀರು ಒಸರುವ ಜಾಗ ಗೊತ್ತಾಗುತ್ತದೆ. ಮತ್ತೆ ಒಣಗಿಸಿ, ಅಲ್ಲಿಗೆ ಸಿಲಿಕೋನ್ ಅಂಟು ಹಚ್ಚಿ ಒಂದು ದಿನ ಬಿಡಿ. ಗಟ್ಟಿಯಾದ ವಾಷರನ್ನು ಬದಲಾಯಿಸಿ. ಗಾಳಿಯಾಡುವ ರಂಧ್ರಗಳನ್ನು ಮಾತ್ರ ಮುಚ್ಚಬೇಡಿ. ನೀರು ಹೋಗಲೆಂದು ಹೊಸ ತೂತು ಕೊರೆಯುವವರೂ ಇದ್ದಾರೆ. ಆ ತೂತಿನಿಂದ ಧೂಳು, ನೀರು ಎರಡೂ ಒಳಗೆ ಬರುತ್ತವೆ. ಬಿಚ್ಚಲಾಗದ ದೀಪವಾಗಿದ್ದರೆ, ಗ್ಯಾರಂಟಿ ಅವಧಿ ಇದ್ದರೆ, ಸರ್ವಿಸ್ ಕೇಂದ್ರಕ್ಕೇ ಒಪ್ಪಿಸುವುದು ಲೇಸು.

ಒಳಗೆ ತೇವ ಇರುವಾಗಲೇ ಅಂಟು ಹಚ್ಚಿ ಮುಚ್ಚಿದರೆ ಏನಾಗುತ್ತದೆ? ಬ್ಯಾಡಗಿಯ ಕಡೆಯ ರೈತರ ಮಕ್ಕಳು ಇದಕ್ಕೆ ಥಟ್ಟನೆ ಉತ್ತರ ಹೇಳಬಲ್ಲರು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಕಣದಲ್ಲಿ ಹರಡಿ, ಕೈಯಾಡಿಸಿ, ಚೆನ್ನಾಗಿ ಒಣಗಿದ ಮೇಲೆಯೇ ಚೀಲಕ್ಕೆ ತುಂಬುತ್ತಾರೆ. ಹಸಿ ಇರುವಾಗ ಚೀಲ ಕಟ್ಟಿದರೆ ಬೂಷ್ಟು ಹಿಡಿದು ಬಣ್ಣ, ಬೆಲೆ ಎರಡೂ ಹೋಗುತ್ತವೆ. ದೀಪದಲ್ಲಿ ಸಿಕ್ಕಿದ ತೇವದಿಂದ ಹೋಲ್ಡರಿನ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ವಿದ್ಯುತ್ ಸರಿಯಾಗಿ ಹರಿಯದೆ ದೀಪ ಮಂಕಾಗುತ್ತದೆ, ಒಂದು ದಿನ ಆರಿಯೇ ಹೋಗುತ್ತದೆ. ಮುಂದೆ ನೋಡುತ್ತಾ ಕುಳಿತ ಚಾಲಕನಿಗೆ ಇದು ತಿಳಿಯುವುದೇ ಇಲ್ಲ.

ಆದ್ದರಿಂದ ನೀವೊಂದು ಕೆಲಸ ಮಾಡಿ. ಇಂದು ಸಂಜೆ ಮನೆಯ ಅಥವಾ ಪಕ್ಕದ ಮನೆಯ ವಾಹನದ ಹಿಂದೆ ಇಪ್ಪತ್ತು ಹೆಜ್ಜೆ ದೂರ ನಿಲ್ಲಿ. ಹಿರಿಯರೊಬ್ಬರು ಒಳಗೆ ಕುಳಿತು ಮೊದಲು ದೀಪ ಹಚ್ಚಲಿ, ಆಮೇಲೆ ಬ್ರೇಕ್ ಒತ್ತಲಿ. ಎರಡೂ ಬದಿಯ ಬೆಳಕು ಸಮನಾಗಿದೆಯೇ? ಬ್ರೇಕ್ ಒತ್ತಿದಾಗ ಸ್ಪಷ್ಟವಾಗಿ ಹೆಚ್ಚುತ್ತದೆಯೇ? ಟ್ರ್ಯಾಕ್ಟರ್ ಇದ್ದರೆ ಅದರ ಟ್ರೇಲರಿಗೆ ದೀಪ ಇದೆಯೇ, ರೇಡಿಯಂ ಎಂದು ನಾವು ಕರೆಯುವ ಹೊಳೆಯುವ ಪಟ್ಟಿ ಇದೆಯೇ ಎಂಬುದನ್ನೂ ನೋಡಿ. ಕೊರತೆ ಕಂಡರೆ ಮನೆಯವರಿಗೆ ಹೇಳಿ. ನಮ್ಮ ಹಿಂದಿನ ದೀಪ ನಮಗೆ ಕಾಣುವುದಿಲ್ಲ. ಅದನ್ನು ನೋಡಿ ಹೇಳಲು ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ನೀವಾಗಿರಿ.