ಕೋಮೊ ಸರೋವರದ ದಡದಲ್ಲಿ ಎದ್ದ ಪ್ರಶ್ನೆ

(ಉಪನ್ಯಾಸದ ಬರಹರೂಪ)



ಬೆಟ್ಟ, ಕಾಡು, ಹೊಳೆಗಳ ಪರವಾಗಿ ದನಿಯೆತ್ತಿದವರೆಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆಯನ್ನು ಎದುರಿಸಿರುತ್ತಾರೆ: "ಮನೆಯಲ್ಲಿ ವಿದ್ಯುದ್ದೀಪ ಉರಿಸುವಿರಿ, ಸಭೆಗೆ ಬಸ್ಸಿನಲ್ಲಿ ಬರುವಿರಿ. ಆದರೂ ಅಣೆಕಟ್ಟು ಬೇಡ ಎನ್ನುವುದು ಯಾವ ನ್ಯಾಯ?" ಕೆಲವರು ಸಿಟ್ಟಿನಿಂದ ಉತ್ತರಿಸುತ್ತಾರೆ; ಕೆಲವರು ನಾಚಿ ಸುಮ್ಮನಾಗುತ್ತಾರೆ. ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಸುಮಾರು ನೂರು ವರ್ಷಗಳ ಹಿಂದೆ, ಉತ್ತರ ಇಟಲಿಯ ಬೆಟ್ಟಗಳ ನಡುವಿನ ಕೋಮೊ ಸರೋವರದ ದಡದಲ್ಲಿ ಕ್ಯಾಥೋಲಿಕ್ ಪಾದ್ರಿಯೊಬ್ಬರು ಇಂಥದೇ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡರು. ಅವರು ರೊಮಾನೊ ಗ್ವಾರ್ದಿನಿ. ಅವರ ಚಿಂತನೆ ಒಂಬತ್ತು ದಶಕಗಳ ಅನಂತರ ಪೋಪ್ ಒಬ್ಬರ ಪತ್ರದ ಮೂಲಕ ಲೋಕದ ಮುಂದೆ ಮತ್ತೆ ಬಂದಿತು. ಆ ಪಯಣವೇ ಇಂದಿನ ಮಾತಿನ ವಸ್ತು.

ಗ್ವಾರ್ದಿನಿ 1885ರಲ್ಲಿ ಇಟಲಿಯ ವೆರೋನಾದಲ್ಲಿ ಜನಿಸಿದರು. ಬೆಳೆದದ್ದು, ಓದಿದ್ದು, ಪಾಠ ಹೇಳಿದ್ದು ಜರ್ಮನಿಯಲ್ಲಿ. 1923ರಿಂದ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆ ದಿನಗಳಲ್ಲಿ ತಾಯ್ನಾಡಿಗೆ ಹೋದಾಗ ಕೋಮೊ ಸರೋವರದ ಪರಿಸರದಿಂದ ಸ್ನೇಹಿತನಿಗೆ ಬರೆದ ಒಂಬತ್ತು ಪತ್ರಗಳು 1927ರಲ್ಲಿ ಪುಸ್ತಕವಾಗಿ ಪ್ರಕಟಗೊಂಡವು. ಆ ಸೀಮೆಯಲ್ಲಿ ಮನೆ, ತೋಟ, ಬೆಟ್ಟದ ಇಳಿಜಾರು, ಚರ್ಚಿನ ಗೋಪುರ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡು ಬೆಳೆದಿದ್ದವು. ಅದರ ನಡುವೆ ಕಾರ್ಖಾನೆಗಳು ತಲೆಯೆತ್ತತೊಡಗಿದ್ದುದನ್ನು ಕಂಡು ಅವರ ಮನಸ್ಸು ನೊಂದಿತು.

ಆದರೆ ಅವರು ನೋವಿನಲ್ಲಿಯೇ ನಿಲ್ಲಲಿಲ್ಲ; ವಿಚಾರ ಮಾಡಿದರು. ಹಾಯಿದೋಣಿಯನ್ನು ಉದಾಹರಣೆಯಾಗಿ ತೆಗೆದುಕೊಂಡರು. ಹಾಯಿದೋಣಿಯೂ ಮನುಷ್ಯನ ಕೈಕೆಲಸವೇ. ಅದು ತಾನಾಗಿ ಮರದಲ್ಲಿ ಕಾಯಿಬಿಟ್ಟದ್ದಲ್ಲ. ಆದರೂ ಅದನ್ನು ನಡೆಸುವವನು ಗಾಳಿಯ ದಿಕ್ಕನ್ನು ಅರಿಯಬೇಕು, ಅಲೆಗೆ ಮೈಯೊಡ್ಡಬೇಕು, ಕಾಯಬೇಕು. ಅಲ್ಲಿ ಮನುಷ್ಯ ನಿಸರ್ಗವನ್ನು ಬಳಸುತ್ತಲೇ ಅದರ ಮಾತನ್ನೂ ಕೇಳುತ್ತಾನೆ. ಸಾಗರ ದಾಟುವ ಯಂತ್ರದ ಹಡಗಿನಲ್ಲಾದರೋ ಪ್ರಯಾಣಿಕನಿಗೆ ಕಡಲಿನ ನೆನಪೇ ಬೇಕಿಲ್ಲ. ಪಟ್ಟಣದ ಬೀದಿಯಲ್ಲಿದ್ದಂತೆ ಅವನು ಉಂಡು, ತಿರುಗಾಡಿ, ಮಲಗುತ್ತಾನೆ. ವೇಗ ದೊರೆಯಿತು; ಸಂಬಂಧ ಕಡಿಯಿತು. ಕಟ್ಟಿಗೆಯ ಒಲೆಯ ಮುಂದೆ ಕುಳಿತವನಿಗೆ ಆ ಕಟ್ಟಿಗೆ ಯಾವ ಕಾಡಿನಿಂದ ಬಂತೆಂದು ಗೊತ್ತು. ಗುಂಡಿ ಒತ್ತಿ ದೀಪ ಹಚ್ಚುವವನಿಗೆ ಯಾವ ಕಣಿವೆ ಮುಳುಗಿತೆಂದು ಗೊತ್ತಾಗುವುದಿಲ್ಲ.

ಹಾಗಾದರೆ ಯಂತ್ರವನ್ನು ಬಿಟ್ಟು ಹಿಂದಕ್ಕೆ ಹೋಗಬೇಕೇ? ಈ ಹಂತದಲ್ಲಿ ಕ್ಯಾಥೋಲಿಕ್ ಧರ್ಮಸಭೆಯ ಹಳೆಯ ನಿಲುವನ್ನು ಸ್ವಲ್ಪ ನೆನೆಯಬೇಕು. 1633ರಲ್ಲಿ ಗೆಲಿಲಿಯೊನ ವಿಚಾರಣೆ ನಡೆಸಿ ಶಿಕ್ಷಿಸಿದ ಸಂಸ್ಥೆ ಅದು. 1864ರಲ್ಲಿ ಪೋಪ್ ಒಂಬತ್ತನೆಯ ಪಿಯುಸ್ ಅವರು ಕಾಲದ 80 ತಪ್ಪು ಅಭಿಪ್ರಾಯಗಳ ಪಟ್ಟಿಯೊಂದನ್ನು ಹೊರಡಿಸಿದರು. ಪ್ರಗತಿ ಹಾಗೂ ಆಧುನಿಕ ನಾಗರಿಕತೆಯೊಡನೆ ಪೋಪರು ರಾಜಿಯಾಗಬೇಕೆಂಬ ಅಭಿಪ್ರಾಯವೇ ಅದರಲ್ಲಿ ಕೊನೆಯ ತಪ್ಪು! ಅಂಥ ಪರಂಪರೆಯಲ್ಲಿ ಬೆಳೆದ ಪಾದ್ರಿ ಯಂತ್ರಯುಗವನ್ನು ಶಪಿಸಿದ್ದರೆ ಆಶ್ಚರ್ಯವಿರುತ್ತಿರಲಿಲ್ಲ. ಗ್ವಾರ್ದಿನಿ ಹಾಗೆ ಮಾಡಲಿಲ್ಲ. ಪತ್ರಗಳ ಕೊನೆಯಲ್ಲಿ ಅವರು ತಲಪಿದ ನಿಲುವು ಇದು: ಬಂದಿರುವ ಕಾಲವನ್ನು ಒಪ್ಪಿಕೊಂಡೇ, ಅದರ ಒಳಗೆ ನಿಂತೇ ಅದನ್ನು ತಿದ್ದಬೇಕು. ಹೊರಗೆ ನಿಂತು ಅಳುವವನಿಗೆ ತಿದ್ದುವ ಶಕ್ತಿಯಿರುವುದಿಲ್ಲ.

ಇದು ಶರಣಾಗತಿಯಲ್ಲವೆಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. 1939ರಲ್ಲಿ ನಾಜಿ ಆಡಳಿತ ಅವರನ್ನು ಪ್ರಾಧ್ಯಾಪಕ ಸ್ಥಾನದಿಂದ ತೆಗೆದುಹಾಕಿತು. ಮಹಾಯುದ್ಧ ನಡೆಯಿತು, ಅಣುಬಾಂಬು ಬಿದ್ದಿತು. ಯಂತ್ರಶಕ್ತಿ ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದೆಂದು ಲೋಕವೇ ಕಂಡಿತು. 1950ರಲ್ಲಿ ಪ್ರಕಟವಾದ 'ಆಧುನಿಕ ಯುಗದ ಅಂತ್ಯ' ಎಂಬ ಅರ್ಥದ ಹೆಸರಿನ ಗ್ರಂಥದಲ್ಲಿ ಗ್ವಾರ್ದಿನಿ ತಮ್ಮ ವಿಚಾರವನ್ನು ಹರಿತಗೊಳಿಸಿದರು. ಶಕ್ತಿ ಹೆಚ್ಚಿದಷ್ಟೂ ಒಳಿತು ಹೆಚ್ಚುತ್ತದೆಂಬುದು ಆಧುನಿಕ ಯುಗದ ನಂಬಿಕೆ. ಅದು ಸುಳ್ಳು. ಮನುಷ್ಯ ನಿಸರ್ಗದ ಮೇಲೆ ಅಧಿಕಾರ ಪಡೆದ. ಆದರೆ ಆ ಅಧಿಕಾರದ ಮೇಲೆ ಅಧಿಕಾರ ಪಡೆಯಲಿಲ್ಲ. ಅದಕ್ಕೆ ಬೇಕಾದ ಶಿಸ್ತು, ಹೊಣೆಗಾರಿಕೆ, ಸಂಯಮಗಳ ಶಿಕ್ಷಣ ಅವನಿಗೆ ಆಗಿಯೇ ಇಲ್ಲ.

ಧರ್ಮಸಭೆಯೂ ಬದಲಾಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಆಧುನಿಕ ಜಗತ್ತಿನೊಡನೆ ಸಂವಾದದ ದಾರಿ ಹಿಡಿಯಿತು. ಸಂವಾದವೆಂದರೆ ಆರೋಪವನ್ನೂ ಕೇಳಬೇಕಾಗುತ್ತದೆ. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್ 'ಸೈನ್ಸ್' ಪತ್ರಿಕೆಯ ಲೇಖನವೊಂದರಲ್ಲಿ ಪರಿಸರದ ವಿಪತ್ತಿನ ಬೇರನ್ನು ಪಾಶ್ಚಾತ್ಯ ಕ್ರೈಸ್ತ ಚಿಂತನೆಯಲ್ಲಿಯೇ ತೋರಿಸಿದರು. ಸೃಷ್ಟಿಯೆಲ್ಲ ಮನುಷ್ಯನ ಬಳಕೆಗಾಗಿಯೇ ಇದೆಯೆಂದು ಕಲಿಸಿದವರು ಯಾರು ಎಂಬುದು ಅವರ ಆಕ್ಷೇಪ. ಪರಿಸರಪ್ರಿಯರಿಗೆ ಅಸಿಸಿಯ ಸಂತ ಫ್ರಾನ್ಸಿಸ್ ಪಾಲಕಸಂತನಾಗಲಿ ಎಂದೂ ಅವರು ಸೂಚಿಸಿದ್ದರು. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಆ ಸಂತನನ್ನೇ ಹಾಗೆ ಘೋಷಿಸಿದರು.

ಈ ಎರಡು ಎಳೆಗಳೂ 2015ರಲ್ಲಿ ಒಂದಾದವು. ಅರ್ಜೆಂಟೀನಾದ ಪಾದ್ರಿ ಹೋರ್ಹೆ ಬೆರ್ಗೋಲಿಯೊ ಗ್ವಾರ್ದಿನಿಯವರ ಚಿಂತನೆಯ ಮೇಲೆ ಸಂಶೋಧನೆ ಮಾಡಲು 1986ರಲ್ಲಿ ಜರ್ಮನಿಗೆ ತೆರಳಿದ್ದರು. ಆ ಪ್ರಬಂಧ ಮುಗಿಯಲಿಲ್ಲ. 2013ರಲ್ಲಿ ಅವರು ಪೋಪ್ ಆಗಿ ಫ್ರಾನ್ಸಿಸ್ ಎಂಬ ಹೆಸರು ತಳೆದರು. 2015ರ ಜೂನ್‌ನಲ್ಲಿ ಪ್ರಕಟವಾದ ಅವರ 'ಲೌದಾತೊ ಸಿ' ಎಂಬ ವಿಶ್ವಪತ್ರ ಗ್ವಾರ್ದಿನಿಯವರ 1950ರ ಗ್ರಂಥವನ್ನು ಹಲವು ಬಾರಿ ಉಲ್ಲೇಖಿಸುತ್ತದೆ. ಕ್ರೈಸ್ತರು ಧರ್ಮಗ್ರಂಥವನ್ನು ಕೆಲವೊಮ್ಮೆ ತಪ್ಪಾಗಿ ಅರ್ಥೈಸಿದ್ದುಂಟು ಎಂದು ಅದು ಒಪ್ಪಿಕೊಳ್ಳುತ್ತದೆ. ಆದಿಕಾಂಡದಲ್ಲಿ ಭೂಮಿಯನ್ನು ಆಳು ಎಂಬ ಮಾತಿನ ಜೊತೆಗೆ, ತೋಟವನ್ನು ಸಾಗುವಳಿ ಮಾಡು, ಕಾಪಾಡು ಎಂಬ ಮಾತೂ ಇದೆಯೆಂದು ನೆನಪಿಸುತ್ತದೆ. ಉಳುವ ಹಕ್ಕು ಮತ್ತು ಕಾಯುವ ಹೊಣೆ ಒಂದನ್ನೊಂದು ಬಿಟ್ಟಿರಲಾರವು.

ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಸಂಯಮವನ್ನು ಬೋಧಿಸಿದ ಮಾತ್ರಕ್ಕೆ ಗಣಿಯ ಯಂತ್ರ ನಿಲ್ಲುವುದೇ? ನಿಲ್ಲುವುದಿಲ್ಲ. ಗ್ವಾರ್ದಿನಿ ಮನುಷ್ಯನ ಒಳಗಿನ ತಯಾರಿಗೆ ಕೊಟ್ಟಷ್ಟು ಗಮನವನ್ನು ಕಾನೂನಿಗೆ, ಸಂಪತ್ತಿನ ಹಂಚಿಕೆಗೆ ಕೊಡಲಿಲ್ಲ. ಪೋಪ್ ಫ್ರಾನ್ಸಿಸ್ ಅವರ ಪತ್ರ ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟಿತು. ಯೋಜನೆ ಸಿದ್ಧವಾದ ಮೇಲೆ ಪರಿಸರ ಪರಿಣಾಮದ ಅಧ್ಯಯನ ನಡೆಸುವುದು ಸಲ್ಲದು. ಅದು ಮೊದಲಿನಿಂದಲೇ ಯೋಜನೆಯ ಭಾಗವಾಗಿರಬೇಕು, ಪಾರದರ್ಶಕವಾಗಿರಬೇಕು, ಒತ್ತಡಗಳಿಂದ ಮುಕ್ತವಾಗಿರಬೇಕು ಎಂದು ಅದು ಹೇಳುತ್ತದೆ. ಚರ್ಚೆಯಲ್ಲಿ ಆಯಾ ಸ್ಥಳದ ಜನರಿಗೆ ವಿಶೇಷ ಸ್ಥಾನ ಸಲ್ಲಬೇಕು. ಸರಿಪಡಿಸಲಾಗದ ಹಾನಿಯ ಸೂಚನೆ ಕಂಡಾಗ, ಹಾನಿಯಿಲ್ಲವೆಂದು ಸಿದ್ಧಪಡಿಸುವ ಹೊಣೆ ಯೋಜನೆಯ ಕಡೆಯವರದು. ಹಾನಿಯುಂಟೆಂದು ತೋರಿಸುವ ಭಾರ ಬಡ ಹಳ್ಳಿಗನ ಹೆಗಲಿಗೆ ಬೀಳಬಾರದು. ಬೆಟ್ಟದ ಊರುಗಳ ಸಭೆಗಳಲ್ಲಿ ಕೇಳಿಬರುವ ಬೇಡಿಕೆಗಳೇ ಇಲ್ಲಿ ದೈವಶಾಸ್ತ್ರದ ಭಾಷೆಯಲ್ಲಿ ಬಂದಿವೆ.

ಗ್ವಾರ್ದಿನಿ 1968ರಲ್ಲಿ ತೀರಿಕೊಂಡರು. ಪೋಪ್ ಫ್ರಾನ್ಸಿಸ್ 2023ರಲ್ಲಿ, ಹವಾಮಾನದ ವಿಷಮತೆಗೆ ಲೋಕದ ಸ್ಪಂದನ ಸಾಲದೆಂದು ಇನ್ನೊಂದು ಪತ್ರ ಬರೆದು ಎಚ್ಚರಿಸಿದರು. 2025ರ ಏಪ್ರಿಲ್‌ನಲ್ಲಿ ಅವರೂ ಅಗಲಿದರು. ಅವರ ದೇವರನ್ನು ನಂಬುವುದು, ಬಿಡುವುದು ಅವರವರಿಗೆ ಬಿಟ್ಟದ್ದು. 2015ರ ಪತ್ರವಂತೂ ಕ್ರೈಸ್ತರನ್ನಷ್ಟೇ ಅಲ್ಲದೆ ಭೂಮಿಯ ಮೇಲಿನ ಪ್ರತಿಯೊಬ್ಬರನ್ನೂ ಉದ್ದೇಶಿಸಿ ಬರೆದದ್ದು.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ದೀಪ ಉರಿಸುವವನಿಗೆ ಅಣೆಕಟ್ಟನ್ನು ಪ್ರಶ್ನಿಸುವ ಹಕ್ಕಿದೆಯೇ? ಸರೋವರದ ದಡದ ಆ ಚಿಂತನೆಯಿಂದ ದೊರೆಯುವ ಉತ್ತರ ಹೀಗಿದೆ: ದೀಪ ಉರಿಸುವವನಿಗೇ ಆ ಪ್ರಶ್ನೆಯನ್ನು ಕೇಳುವ ಹೊಣೆ ಹೆಚ್ಚು. ಶಕ್ತಿಯನ್ನು ಬಳಸುವವನು ಅದು ಎಲ್ಲಿಂದ ಬಂತು, ಯಾರ ನೆಲದಿಂದ ಬಂತು, ಎಷ್ಟು ಸಾಕು ಎಂದು ವಿಚಾರಿಸಬೇಕು. ಆ ವಿಚಾರಣೆಯನ್ನು ನಾಚಿಕೆಯಿಲ್ಲದೆ, ಸಿಟ್ಟಿಲ್ಲದೆ, ಪಟ್ಟುಬಿಡದೆ ನಡೆಸುವ ಊರು ಆಧುನಿಕತೆಯ ವೈರಿಯಲ್ಲ. ಆಧುನಿಕತೆ ಕಲಿಯದೆ ಬಿಟ್ಟ ಪಾಠವನ್ನು ಅದು ಕಲಿಯುತ್ತಿದೆ.