ನದಿಯ ಲೆಕ್ಕ ಉಳಿಯುವುದೆಲ್ಲಿ?

(ಬೈಲಹೊಂಗಲದಲ್ಲಿ ಮಲಪ್ರಭಾ ಕೊಳ್ಳದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಬಂದವರೂ, ಆಕೆಯನ್ನೇ ನೆಚ್ಚಿದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳವರೂ ಇಂದು ಒಂದೇ ಸೂರಿನಡಿ ಕುಳಿತಿದ್ದೀರಿ. ಕಾಡು, ಮಳೆ, ನದಿಗಳ ಮಾತಾಡಬೇಕಾದ ವೇದಿಕೆಯಲ್ಲಿ ಗಣಕಯಂತ್ರದ ಡಿಸ್ಕುಗಳ ಪ್ರಸ್ತಾಪವೇಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಕಾರಣ ಸರಳವಾಗಿದೆ. ನಮ್ಮ ಚಳವಳಿಯ ಬಲವಿರುವುದು ದಾಖಲೆಯಲ್ಲಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ನೀಡುವ ಮೊದಲು ವರ್ಷಗಟ್ಟಲೆ ವಾದ ನಡೆದದ್ದು ಆ ಕೊಳ್ಳದಲ್ಲಿ ನೀರೆಷ್ಟಿದೆ ಎಂಬ ಪ್ರಶ್ನೆಯ ಸುತ್ತ. ಅದಕ್ಕೆ ಆಧಾರವಾದದ್ದು ಹಿಂದಿನ ವರ್ಷಗಳ ಮಳೆ ಮತ್ತು ಹರಿವಿನ ಅಂಕಿಗಳು. ನಮ್ಮ ಕೈಯಲ್ಲೂ ಮಳೆಮಾಪನದ ಪಟ್ಟಿಗಳಿವೆ, ಕೆರೆಗಳ ಸಮೀಕ್ಷೆಯಿದೆ, ಅಹವಾಲು ಸಭೆಗಳ ಧ್ವನಿಮುದ್ರಣಗಳಿವೆ. ಅವೆಲ್ಲ ಫ್ಲಾಪಿ, ಕ್ಯಾಸೆಟ್, ಸಿ.ಡಿ., ಪೆನ್‌ಡ್ರೈವ್‌ಗಳಲ್ಲಿ ಚದುರಿಹೋಗಿವೆ. ಅವುಗಳಲ್ಲಿ ಎಷ್ಟು ಇಂದಿಗೂ ತೆರೆದುಕೊಳ್ಳುತ್ತವೆ ಎಂದು ಯಾರಾದರೂ ಇತ್ತೀಚೆಗೆ ನೋಡಿದ್ದೀರಾ?

ಸಂಗ್ರಹ ಮಾಧ್ಯಮವೆಂಬುದು ಈ ಸೀಮೆಗೆ ಹೊಸದಲ್ಲ. ಸುಗಂಧವರ್ತಿ ಎನಿಸಿಕೊಂಡಿದ್ದ ಸವದತ್ತಿಯಲ್ಲಿ ಕ್ರಿ.ಶ. 980ರಲ್ಲಿ ರಟ್ಟರ ಶಾಂತಿವರ್ಮನು ಬಸದಿಗೆ ಭೂಮಿ ಬಿಟ್ಟದ್ದನ್ನು ಕಲ್ಲಿನಲ್ಲಿ ಕೊರೆಸಿದ. ಅದೂ ಒಂದು ಉತಾರವೇ. ಸಾವಿರ ವರ್ಷ ಕಳೆದ ಮೇಲೂ ಓದಲು ಬರುತ್ತದೆ. ವಿದ್ಯುತ್ತು ಬೇಡ, ಯಂತ್ರ ಬೇಡ, ಲಿಪಿ ಬಲ್ಲ ಕಣ್ಣು ಸಾಕು. ಆದರೆ ಒಂದು ಕಲ್ಲಿನಲ್ಲಿ ಹಿಡಿಸುವುದು ಕೆಲವೇ ಸಾಲು. ಕಾಗದದಲ್ಲಿ ಬಹಳ ಹಿಡಿಸುತ್ತದೆ, ಬೇಗ ಉರಿಯುತ್ತದೆ. 1830ರ ಬಂಡಾಯದಲ್ಲಿ ಸಂಗೊಳ್ಳಿ ರಾಯಣ್ಣನ ಪಡೆ ಬೀಡಿಯ ಕಚೇರಿಗೆ ಬೆಂಕಿ ಇಟ್ಟಿತು. ಸಾಮಾನ್ಯರ ಇನಾಮು ಭೂಮಿಯ ಮೇಲೆ ಕಂಪನಿ ಸರಕಾರದ ಹಿಡಿತ ಆ ದಫ್ತರಗಳಲ್ಲೇ ಇತ್ತೆಂಬುದನ್ನು ರಾಯಣ್ಣ ಬಲ್ಲವನಾಗಿದ್ದ. ಒಂದೇ ಪ್ರತಿ, ಒಂದೇ ಕೋಣೆ ಎಂದರೆ ಏನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಇನ್ನು ಗಣಕಯಂತ್ರದ ಮೂಲತತ್ತ್ವವನ್ನು ರಾಮದುರ್ಗದ ನೇಕಾರ ಬಂಧುಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಜಕಾರ್ಡ್ ಮಗ್ಗದ ರಟ್ಟಿನ ಪಟ್ಟಿಯಲ್ಲಿ ತೂತಿದ್ದರೆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟರಿಂದಲೇ ಸೀರೆಯ ಸೆರಗಿನಲ್ಲಿ ನವಿಲು ಮೂಡುತ್ತದೆ. ಫ್ರಾನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಂದ ಈ ಯುಕ್ತಿಯ ಜಾಡಿನಲ್ಲೇ ಅಮೆರಿಕದ ಹಾಲೆರಿತ್ 1890ರ ಜನಗಣತಿಯನ್ನು ತೂತು ಕೊರೆದ ಕಾರ್ಡುಗಳಿಂದ ಎಣಿಸಿದ. ಇಂದಿನ ಯಂತ್ರವೂ ಇದೆ, ಇಲ್ಲ ಎಂಬ ಎರಡೇ ಸ್ಥಿತಿಗಳನ್ನು ಬಲ್ಲದು. ಅವುಗಳನ್ನು 1 ಮತ್ತು 0 ಎನ್ನುತ್ತೇವೆ. ಇಂಥ ಒಂದೊಂದು ಗುರುತು ಒಂದು ಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. 'ಮಳೆ' ಎಂದು ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಬರೆದರೆ ಮ, ಳ ಮತ್ತು ಎತ್ವ ಎಂಬ ಮೂರು ಗುರುತುಗಳಿಗೆ ಸಾಮಾನ್ಯವಾಗಿ ತಲಾ 3 ಬೈಟಿನಂತೆ 9 ಬೈಟ್, ಅಂದರೆ 72 ಬಿಟ್ ಬೇಕು. ಆ 72 ಗುರುತುಗಳನ್ನು ಯಾವ ವಸ್ತುವಿನ ಮೇಲೆ, ಯಾವ ಬಗೆಯಲ್ಲಿ ಮೂಡಿಸುತ್ತೇವೆ ಎಂಬುದರಲ್ಲಷ್ಟೇ ಮಾಧ್ಯಮಗಳು ಬೇರೆಯಾಗುತ್ತವೆ.

ಮೊದಲ ಬಗೆ ಕಾಂತೀಯವಾದದ್ದು. ಕ್ಯಾಸೆಟ್ಟಿನ ಟೇಪು, ಫ್ಲಾಪಿ, ಹಾರ್ಡ್‌ಡಿಸ್ಕ್ ಮೂರೂ ಈ ಕುಲದವು. ಕಾಂತಗುಣವುಳ್ಳ ತೆಳು ಲೇಪದ ಒಂದೊಂದು ಚುಕ್ಕೆಯನ್ನೂ ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ಕಾಂತಗೊಳಿಸುತ್ತಾರೆ. ದಿಕ್ಕು ಬದಲಾಗುವ ಎಡೆಯನ್ನು ಓದುವ ತಲೆ ಗುರುತಿಸುತ್ತದೆ. 1956ರಲ್ಲಿ ಐ.ಬಿ.ಎಂ. ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡು ಅಡಿ ವ್ಯಾಸದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದುದು ಸುಮಾರು 5 ಮೆಗಾಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಚಿತ್ರಗಳಿಗೆ ಅದು ಮುಗಿದುಹೋಗುತ್ತದೆ. ಈಗಿನ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗುತ್ತದೆ, ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ಒಂದು ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ತಿರುಗುತ್ತಿರುವಾಗ ಮೇಜು ಜೋರಾಗಿ ಅಲುಗಿದರೆ ತಲೆ ತಟ್ಟೆಗೆ ಬಡಿಯಬಹುದು. ಬಡಿದ ಜಾಗದ ಲೆಕ್ಕ ಅಲ್ಲಿಗೆ ಮುಗಿಯಿತು. ಟೇಪಿಗೆ ಶತ್ರು ತೇವ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ನೀವೆಲ್ಲ ಕಂಡಿದ್ದೀರಿ. ಹಾಗೆಂದು ಟೇಪು ಸತ್ತ ಮಾಧ್ಯಮವಲ್ಲ. ದೊಡ್ಡ ಸಂಸ್ಥೆಗಳು ಹಳೆಯ ದಾಖಲೆಗಳನ್ನು ಇಂದಿಗೂ ಟೇಪಿನಲ್ಲಿ ಇಡುತ್ತವೆ. 2021ರಲ್ಲಿ ಬಂದ ಎಲ್.ಟಿ.ಓ. ಒಂಬತ್ತನೆಯ ಪೀಳಿಗೆಯ ಒಂದು ಸುರುಳಿಯಲ್ಲಿ 18 ಟೆರಾಬೈಟ್ ಹಿಡಿಸುತ್ತದೆ.

ಎರಡನೆಯದು ಬೆಳಕಿನದು. ಕಾರ್ಖಾನೆಯಲ್ಲಿ ಅಚ್ಚಾದ ಸಿ.ಡಿ.ಯಲ್ಲಿ ಒಳಗಿನಿಂದ ಹೊರಕ್ಕೆ ಸಾಗುವ ಒಂದೇ ಸುರುಳಿ ಹಾದಿ ಇರುತ್ತದೆ. ಬಿಚ್ಚಿ ಹಾಸಿದರೆ ಅದು 5 ಕಿಲೋಮೀಟರಿಗೂ ಮೀರೀತು. ಅದರುದ್ದಕ್ಕೂ ಸೂಕ್ಷ್ಮ ಕುಳಿಗಳು. ಲೇಸರ್ ಕಿರಣ ಬಿದ್ದಾಗ ಕುಳಿಯಿಂದಲೂ ಸಮತಟ್ಟಿನಿಂದಲೂ ಬೇರೆ ಬೇರೆ ಬಗೆಯಲ್ಲಿ ಪ್ರತಿಫಲಿಸುತ್ತದೆ. ಆ ವ್ಯತ್ಯಾಸವೇ ಮಾಹಿತಿ. ಡಿ.ವಿ.ಡಿ.ಯಲ್ಲಿ ಕುಳಿಗಳು ಇನ್ನೂ ಸಣ್ಣವು, ಹಾದಿಗಳು ಇನ್ನೂ ಒತ್ತೊತ್ತಾಗಿವೆ. ಆದುದರಿಂದ 700 ಮೆಗಾಬೈಟಿನ ಜಾಗದಲ್ಲಿ 4.7 ಗಿಗಾಬೈಟ್ ಹಿಡಿಸಿತು. ಆದರೆ ನಾವು ಮನೆಯಲ್ಲಿ 'ಬರ್ನ್' ಮಾಡಿದ ಸಿ.ಡಿ.ಗಳಲ್ಲಿ ಇರುವುದು ಕುಳಿಯಲ್ಲ, ಬಣ್ಣದ ಪದರ. ಲೇಸರಿನ ಕಾವು ಆ ಬಣ್ಣವನ್ನು ಅಲ್ಲಲ್ಲಿ ಮಾರ್ಪಡಿಸಿರುತ್ತದೆ. ಬಿಸಿಲು, ಸೆಕೆ, ತೇವಗಳಿಗೆ ಈ ಬಣ್ಣ ಕೆಡುತ್ತದೆ. ಇನ್ನೊಂದು ಮಾತು: ಸಿ.ಡಿ.ಯ ಹೊಳೆಯುವ ಬದಿಯನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಹೆಸರು ಬರೆಯುವ ಬದಿಯ ಮೇಲೆ ಬಾಲ್‌ಪೆನ್ನು ಒತ್ತಿ ಗೀಚುತ್ತಾರೆ. ಮಾಹಿತಿಯ ಪದರವಿರುವುದು ಆ ಬದಿಯ ತೆಳು ಲೇಪದ ಕೆಳಗೇ.

ಮೂರನೆಯದು ಪೆನ್‌ಡ್ರೈವ್, ಮೊಬೈಲಿನ ಮೆಮೊರಿ ಕಾರ್ಡ್ ಹಾಗೂ ಹೊಸ ಯಂತ್ರಗಳ ಎಸ್.ಎಸ್.ಡಿ. ಇವುಗಳಲ್ಲಿ ತಿರುಗುವ ಭಾಗವೇ ಇಲ್ಲ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕಾ ರೂಪಿಸಿದ ಫ್ಲ್ಯಾಷ್ ಸ್ಮೃತಿಯಿದು. ವಿದ್ಯುನ್ನಿರೋಧಕ ಗೋಡೆಯ ಒಳಗೆ ಎಲೆಕ್ಟ್ರಾನುಗಳನ್ನು ಕೂಡಿಹಾಕುತ್ತಾರೆ. ಒಳಗಿವೆಯೋ ಇಲ್ಲವೋ ಎಂಬುದೇ ಗುರುತು. ನಮ್ಮ ನವಿಲುತೀರ್ಥದ ಅಣೆಕಟ್ಟಿನಂತೆ ಇದಕ್ಕೂ ಒಸರು ಉಂಟು. ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಕಪಾಟಿನಲ್ಲಿ ಬಿದ್ದರೆ ಎಲೆಕ್ಟ್ರಾನುಗಳು ಮೆಲ್ಲಗೆ ಸೋರುತ್ತವೆ, ಸೆಕೆಯಿದ್ದರೆ ಇನ್ನೂ ಬೇಗ. ಅಳಿಸಿ ಬರೆದಷ್ಟೂ ಗೋಡೆ ಸವೆಯುತ್ತದೆ. ಕಡತ ಒಯ್ಯಲು ಪೆನ್‌ಡ್ರೈವ್ ಒಳ್ಳೆಯದು. ಕಾಪಿಡಲು ಅಲ್ಲ.

ಯಂತ್ರದೊಳಗಿನ ರ‍್ಯಾಮ್ ಎಂಬುದನ್ನು ಈ ಸಾಲಿಗೆ ಸೇರಿಸುವಂತಿಲ್ಲ. ಕರೆಂಟು ಹೋದೊಡನೆ ಅಲ್ಲಿದ್ದುದೆಲ್ಲ ಮಾಯ. ನಮ್ಮ ಹಳ್ಳಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗ ಎಲ್ಲರೂ ಹೇಳುವ 'ಕ್ಲೌಡ್' ಕೂಡ ಮೋಡವಲ್ಲ. ಅದು ಬೇರೆಯವರ ಕಟ್ಟಡದಲ್ಲಿರುವ, ವಿದ್ಯುತ್ತನ್ನೂ ತಂಪಿಗಾಗಿ ಹಲವೆಡೆ ನೀರನ್ನೂ ಬೇಡುವ ಸಾವಿರಾರು ಡಿಸ್ಕುಗಳ ಸಾಲು. ಬಾಡಿಗೆ ನಿಂತರೆ ಜಾಗ ಖಾಲಿ ಮಾಡಬೇಕಾದೀತು.

ನಮ್ಮ ರಾಜ್ಯವೇ ಇದರ ದೊಡ್ಡ ಪ್ರಯೋಗಶಾಲೆ. 'ಭೂಮಿ' ಯೋಜನೆಯಡಿ 2000ದ ಆಸುಪಾಸಿನಲ್ಲಿ ಆಗಿನ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಬೈಲಹೊಂಗಲ, ಸವದತ್ತಿ, ರಾಮದುರ್ಗದ ರೈತರು ಉತಾರಕ್ಕಾಗಿ ತಲಾಠಿಯ ಹಿಂದೆ ಅಲೆಯುವುದು ತಪ್ಪಿ ತಾಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪ್ರತಿ ಪಡೆದರು. ಕೈಬರಹದ ಪಹಣಿಯ ಮಾನ್ಯತೆ ಹೋಯಿತು. ಆದರೂ ಹಳೆಯ ಕಾಗದ ಅನಗತ್ಯವಾಗಲಿಲ್ಲ. ತಹಸೀಲ್ದಾರ್ ಕಚೇರಿಗಳ ದಾಖಲೆ ಕೊಠಡಿಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಯೋಜನೆ ಶುರುವಾದದ್ದು 2024ರಲ್ಲಿ. ತಂಟೆ ಎದ್ದಾಗ ಇಂದಿಗೂ ಹುಡುಕುವುದು ಮೂಲ ಕಡತವನ್ನೇ.

ಮಾಧ್ಯಮ ಗಟ್ಟಿಯಿದ್ದರೂ ಓದುವ ಯಂತ್ರ ಸಿಗಬೇಕಲ್ಲ. ಸೋನಿ ಕಂಪನಿ ಫ್ಲಾಪಿ ಮಾರಾಟವನ್ನು 2011ರಲ್ಲಿ ನಿಲ್ಲಿಸಿತು. ಯಂತ್ರ ಸಿಕ್ಕರೂ ಲಿಪಿಯ ತೊಡಕು ಉಂಟು. ಆ ಕಾಲದಲ್ಲಿ ನಾವು ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚು ಮಾಡಿದ ಕರಪತ್ರಗಳು ಯೂನಿಕೋಡಿನಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಒಂದೊಂದು ಬಿಟ್ಟೂ ಸರಿಯಾಗಿದೆ, ಕನ್ನಡ ಮಾತ್ರ ಕಾಣೆ. ಪರಿವರ್ತಕ ತಂತ್ರಾಂಶಗಳು ದೊರೆಯುತ್ತಿರುವಾಗಲೇ ಇವನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳಬೇಕು. ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದರಿಂದ ಒಬ್ಬರು ಕುಳಿತು ಓದಿ ನೋಡಲೇಬೇಕು.

ಹಾಗಾದರೆ ಏನು ಮಾಡೋಣ? ಈ ವಿದ್ಯೆ ಬಲ್ಲವರು ಹೇಳುವ ಸೂತ್ರ ಒಂದಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ. ಬೇರೆ ಊರು ಎಂಬುದನ್ನು ಯೋಚಿಸಿ ಆರಿಸಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಸವದತ್ತಿ ತಾಲೂಕಿನ ಮುನವಳ್ಳಿಗೂ ರಾಮದುರ್ಗಕ್ಕೂ ನೀರು ನುಗ್ಗಿತು. ಒಂದು ಪ್ರತಿ ಮುನವಳ್ಳಿಯಲ್ಲಿ, ಇನ್ನೊಂದು ರಾಮದುರ್ಗದಲ್ಲಿ ಎಂದರೆ ಲೆಕ್ಕಕ್ಕೆ ಎರಡು ಊರು, ನದಿಗೆ ಒಂದೇ ದಂಡೆ. ಒಂದನ್ನು ಬೈಲಹೊಂಗಲದಲ್ಲಿಡೋಣ, ಇನ್ನೊಂದನ್ನು ಕಿತ್ತೂರಿನಲ್ಲಿ, ಮೂರನೆಯದನ್ನು ಘಟ್ಟದ ಕಡೆಯ ಗೆಳೆಯರಲ್ಲಿ. ಅಲ್ಲಿ ತೇವ ಹೆಚ್ಚು, ಆದುದರಿಂದ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಿಸಬೇಕು. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ಓದಿ ನೋಡುವುದು, ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲಿಳಿಸುವುದು. ಕೆಟ್ಟ ಡಿಸ್ಕುಗಳನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕೆಂದು ಈ ಸಭೆಗೆ ಹೇಳುವುದು ಅನಾವಶ್ಯಕ. ಮಳೆಮಾಪನದ ಪಟ್ಟಿಯಂಥ ಅತಿ ಮುಖ್ಯವಾದುದನ್ನು ಒಳ್ಳೆಯ ಕಾಗದದಲ್ಲಿ ಮುದ್ರಿಸಿಯೂ ಇಡೋಣ.

ಈ ಕೆಲಸಕ್ಕೆ ಪ್ರತಿ ತಾಲೂಕಿನಿಂದ ಇಬ್ಬರು ಬೇಕು. ಊಟದ ನಂತರ ಹೆಸರು ಬರೆಸಿ. ಮನೆಯಲ್ಲಿರುವ ಫ್ಲಾಪಿ, ಕ್ಯಾಸೆಟ್, ಸಿ.ಡಿ.ಗಳನ್ನು ಒರೆಸಲು ಹೋಗದೆ, ಬಿಸಿಲಿಗೂ ಇಡದೆ, ಇದ್ದಂತೆಯೇ ಮುಂದಿನ ಸಭೆಗೆ ತನ್ನಿ.