ಜಾರಿಗೆ ಬಂದ ಕಾನೂನು

ಕಾನೂನು 'ಜಾರಿಗೆ ಬಂತು' ಎನ್ನುತ್ತೇವೆ. ಈ 'ಜಾರಿ' ಅರಬ್ಬಿ ಮೂಲದ ಮಾತು. ಕನ್ನಡದ 'ಜಾರು' ಧಾತುವಿಗೂ ಅದಕ್ಕೂ ನಂಟಿಲ್ಲ. ಆದರೂ ಬಡದೇಶಗಳ ದುಡಿಮೆಗಾರರ ರಕ್ಷಣೆಗೆಂದು ಹುಟ್ಟಿದ ಕಾನೂನುಗಳ ಗತಿಯನ್ನು ಕಂಡಾಗ, ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗೂ ಎರಡೂ ಒಂದೇ ಮಾತಿರಬಹುದೆ ಎಂಬ ಶಂಕೆ ಮೂಡುತ್ತದೆ.

ಬಾಂಗ್ಲಾದೇಶದ ನಿದರ್ಶನವೊಂದನ್ನು ತಮ್ಮ ಮುಂದಿಡುತ್ತೇನೆ. ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. ಮೇಲಿನ ಅಂತಸ್ತುಗಳನ್ನು ಕ್ರಮವಾದ ಅನುಮತಿಯಿಲ್ಲದೆ ಏರಿಸಿದ್ದರು. ಅಲ್ಲಿ ಐದು ಸಿದ್ಧ ಉಡುಪಿನ ಕಾರ್ಖಾನೆಗಳು. ಕೆಳಗೆ ಅಂಗಡಿಗಳು, ಒಂದು ಬ್ಯಾಂಕು. 2013ರ ಏಪ್ರಿಲ್ 23ರಂದು ಕಟ್ಟಡದಲ್ಲಿ ಬಿರುಕುಗಳು ಕಂಡವು. ಪರೀಕ್ಷಿಸಿದ ಎಂಜಿನಿಯರ್ ಅಪಾಯವಿದೆಯೆಂದರು. ಮರುದಿನ ಬ್ಯಾಂಕು ತೆರೆಯಲಿಲ್ಲ, ಅಂಗಡಿಗಳೂ ತೆರೆಯಲಿಲ್ಲ. ಹೊಲಿಗೆಯವರನ್ನು ಮಾತ್ರ, ಸಂಬಳ ಹಿಡಿಯುವುದಾಗಿ ಬೆದರಿಸಿ, ಒಳಗೆ ಕಳಿಸಲಾಯಿತು. ಒಂಬತ್ತು ಗಂಟೆಯೊಳಗೇ ವಿದ್ಯುತ್ತು ನಿಂತಿತು, ಮೇಲಂತಸ್ತಿನ ಜನರೇಟರುಗಳು ಓಡತೊಡಗಿದವು, ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಮಂದಿ ಮಡಿದರು.

ಕಾನೂನು ಇರಲಿಲ್ಲವೆ? ಇತ್ತು. ಅಪಾಯಕರ ಕಟ್ಟಡದ ಬಳಕೆಯನ್ನು ತಡೆಯುವ ಅಧಿಕಾರವನ್ನು ಆ ದೇಶದ 2006ರ ಕಾರ್ಮಿಕ ಕಾಯಿದೆ ತನಿಖಾಧಿಕಾರಿಗೆ ಕೊಟ್ಟಿತ್ತು. ಆದರೆ ಕಾರ್ಖಾನೆಗಳು ಸಾವಿರಾರು, ತನಿಖಾಧಿಕಾರಿಗಳು ತೀರ ಕೆಲವರು. ಖಾಸಗಿ ತಪಾಸಕರೂ ಅಲ್ಲಿಗೆ ಬಂದುಹೋಗಿದ್ದರು; ಕಟ್ಟಡದ ಗಟ್ಟಿತನವನ್ನು ನೋಡುವುದು ಅವರ ಕೆಲಸವಾಗಿರಲಿಲ್ಲ.

ಬಿರುಕು ಎಲ್ಲರಿಗೂ ಒಂದೇ ಆಗಿತ್ತು. ಬ್ಯಾಂಕಿನವರು ಉಳಿದದ್ದು ಹೆಚ್ಚು ತಿಳಿದಿದ್ದರೆಂದಲ್ಲ; ಆ ದಿನ ಬಾರದಿರುವುದು ಅವರಿಗೆ ಸಾಧ್ಯವಿತ್ತು. ಹೊಲಿಗೆಯವರ ಪರವಾಗಿ 'ಒಲ್ಲೆವು' ಎನ್ನಲು ಆ ಕಾರ್ಖಾನೆಗಳಲ್ಲಿ ಒಂದು ಸಂಘವೂ ಇರಲಿಲ್ಲ.

ಮರುತಿಂಗಳು ವಿದೇಶೀ ಉಡುಪು ಸಂಸ್ಥೆಗಳೂ ಕಾರ್ಮಿಕ ಸಂಘಗಳೂ 'ಅಕಾರ್ಡ್' ಎಂಬ ಒಪ್ಪಂದಕ್ಕೆ ಬಂದವು. ಸ್ವತಂತ್ರ ಎಂಜಿನಿಯರುಗಳು ಸಾವಿರಕ್ಕೂ ಮಿಕ್ಕ ಕಾರ್ಖಾನೆಗಳನ್ನು ಪರೀಕ್ಷಿಸಿದರು, ವರದಿಗಳು ಬಹಿರಂಗವಾದವು, ದುರಸ್ತಿಗೆ ಒಪ್ಪದವರ ವ್ಯಾಪಾರ ನಿಂತಿತು, ಅಪಾಯದ ಕೆಲಸವನ್ನು ನಿರಾಕರಿಸುವ ಹಕ್ಕಿಗೆ ಮನ್ನಣೆ ದೊರೆಯಿತು. ಬಡತನವೊಂದೇ ಅಡ್ಡಿಯಲ್ಲವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಒಪ್ಪಂದದ ನೆರಳು ಉಡುಪಿನ ಉದ್ಯಮವನ್ನು ದಾಟಲಿಲ್ಲ. 2021ರ ಜುಲೈನಲ್ಲಿ ರೂಪಗಂಜ್‌ನ ಆಹಾರ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಾಗ ಮೆಟ್ಟಿಲ ಬಾಗಿಲಿಗೆ ಬೀಗವಿತ್ತು. 50ಕ್ಕೂ ಹೆಚ್ಚು ಜನ ಸತ್ತರು.

ನಮ್ಮ ಬೆಂಗಳೂರಿನಲ್ಲಿಯೂ ಹೊಲಿಗೆಯ ಯಂತ್ರದ ಮುಂದೆ ದುಡಿಯುವ ಹೆಣ್ಣುಮಕ್ಕಳು ಲಕ್ಷಗಟ್ಟಲೆ. ಕಾನೂನು ನಿಜವಾಗಿ ಜಾರಿಗೆ ಬಂದಿದೆಯೆ ಎಂದು ತಿಳಿಯಲು ಗೆಜೆಟ್ಟನ್ನು ತೆರೆಯಬೇಕಾಗಿಲ್ಲ. ಗೋಡೆ ಬಿರಿದ ದಿನ 'ಒಳಗೆ ಹೋಗಲಾರೆ' ಎಂದವಳಿಗೆ ಆ ತಿಂಗಳ ಸಂಬಳ ಪೂರ್ತಿ ಕೈಸೇರುವುದೆ ಎಂದು ವಿಚಾರಿಸಿದರೆ ಸಾಕು.